ಕೆಂಪು ಹತ್ತದ ಚಳಿಗಾಲ

ಹೋದ ವಾರ ನಮ್ಮ ಪ್ರಯೋಗಾಲಯದ ಹಳೆಯ ಕಪಾಟು ಖಾಲಿ ಮಾಡುತ್ತಿದ್ದೆವು. ಕೊಪ್ಪಳಕ್ಕೆ ಈಗ ಹೊಸ ಯಂತ್ರಗಳು ಬಂದಿವೆ. ರೋಗಿಯ ಕಫವನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ ಯಂತ್ರದೊಳಗಿಟ್ಟರೆ ಎರಡು ತಾಸಿನಲ್ಲಿ ಕ್ಷಯ ಇದೆಯೋ ಇಲ್ಲವೋ ಅದೇ ಹೇಳಿಬಿಡುತ್ತದೆ. ಹಾಗಾಗಿ ಹಳೆಯ ಬಣ್ಣದ ಸೀಸೆಗಳನ್ನೆಲ್ಲ ಹೊರಗೆ ಹಾಕಿ ಎಂದು ಅಪ್ಪಣೆಯಾಗಿತ್ತು. ಕೆಳಗಿನ ಅರೆಯಲ್ಲಿ ಕಂದು ಗಾಜಿನ ಸೀಸೆಯೊಂದು ಸಿಕ್ಕಿತು. ಮುಚ್ಚಳ ಬಿಗಿದುಕೊಂಡಿತ್ತು. ತಿರುವಿದೆ, ಬರಲಿಲ್ಲ. ಸಿಟ್ಟಿನಿಂದ ತಿರುವಿದೆ, ಬಂತು. ಫಿನೈಲಿಗಿಂತ ಗಡುಸಾದ, ಮೂಗಿನ ಬುಡಕ್ಕೆ ಹೋಗಿ ತಾಕುವ ವಾಸನೆ. ಬೆರಳ ತುದಿಗೆ ಕಡುಗೆಂಪು ಹತ್ತಿತು. ಕಾರ್ಬಾಲ್ ಫುಕ್ಸಿನ್ ಎನ್ನುತ್ತಾರೆ ಇದಕ್ಕೆ. ಕ್ಷಯದ ರೋಗಾಣುವಿಗೆ ನಾವು ಹಚ್ಚುತ್ತಿದ್ದ ಬಣ್ಣ ಇದೇ.

ಜೊತೆಗಿದ್ದ ಹೊಸ ಹುಡುಗಿ, "ಮೇಡಂ, ಲಗೂನ ಕೈ ತೊಳಕೋರಿ, ಆಮ್ಯಾಲೆ ಹೋಗಂಗಿಲ್ಲ ಅದು" ಎಂದಳು. ಆ ಕೆಂಪು ಹತ್ತಿದರೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಹತ್ತಲೇಬೇಕಾದಲ್ಲಿ ಅದು ಹತ್ತದೆ ಹೋದ ಒಂದು ಚಳಿಗಾಲವೂ ಗೊತ್ತು. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಾಗ ಹಳೆಯ ಸಿಟ್ಟು ಮೊದಲಿನಷ್ಟೇ ಹೊಸದಾಗಿ ಏರಿ ಬಂತು. ಇಷ್ಟು ವರ್ಷವಾದರೂ ಒಂದಿಷ್ಟೂ ತಣ್ಣಗಾಗಿರಲಿಲ್ಲ.

ಆಗ ನನಗೆ ಇಪ್ಪತ್ತೇಳು ವರ್ಷ, ಗುತ್ತಿಗೆ ನೌಕರಿ. ಕುಷ್ಟಗಿ ತಾಲೂಕಿನ ಒಂದು ದೊಡ್ಡ ಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಲ್ಯಾಬ್ ಟೆಕ್ನಿಷಿಯನ್ ಎಂದು ಹಾಕಿದರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಒಂದು ಊರಿನಲ್ಲಿ ಮಾತ್ರ ಹೀಗಾಯಿತು ಎಂದುಕೊಂಡು ಉಳಿದವರೆಲ್ಲ ನೆಮ್ಮದಿಯಿಂದ ಇದ್ದುಬಿಡುತ್ತಾರೆ. ದೀಪಾವಳಿ ಮುಗಿದಿತ್ತು. ಬೆಳಿಗ್ಗೆ ಎಂಟಕ್ಕೆ ಹನುಮಸಾಗರದ ಬಸ್ಸಿನಿಂದ ದಾರಿಯಲ್ಲಿ ಇಳಿದರೆ ಮೂಡಗಾಳಿ ಕಿವಿ ಕೊರೆಯುತ್ತಿತ್ತು. ರಸ್ತೆಯ ಎರಡೂ ಬದಿ ಎರೆಹೊಲ. ಒಂದು ಕಡೆ ಬಿಳಿಜೋಳ, ಇನ್ನೊಂದು ಕಡೆ ಕಡಲೆ. ಹೆಂಗಸರು ತಲೆಗೆ ಶಾಲು ಕಟ್ಟಿಕೊಂಡು ಸಾಲುಗಟ್ಟಿ ಕಡಲೆಯ ಕುಡಿ ಚಿವುಟುತ್ತಿದ್ದರು. ಬಗ್ಗಿದ ಆ ಸಾಲಿನಿಂದ ಕೆಮ್ಮು ಕೇಳಿಸುತ್ತಿತ್ತು. ಚಳಿಗೆ ಯಾರಿಗೆ ಕೆಮ್ಮು ಬರುವುದಿಲ್ಲ ಎಂದು ನಾನು ಚೀಲ ಹೆಗಲಿಗೇರಿಸಿ ನಡೆದುಬಿಡುತ್ತಿದ್ದೆ.

ಪ್ರಯೋಗಾಲಯವೆಂದರೆ ಹೆರಿಗೆ ಕೋಣೆಯ ಪಕ್ಕದ ಇನ್ನೊಂದು ಕೋಣೆ, ಅಷ್ಟೇ. ಒಂದು ಸೂಕ್ಷ್ಮದರ್ಶಕ, ಒಂದು ಸಿಂಕು, ಎರಡು ಕುರ್ಚಿ. ಅಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವರು ಸಂಗಪ್ಪ. ನಿವೃತ್ತಿಗೆ ಮೂರೇ ತಿಂಗಳು ಬಾಕಿಯಿತ್ತು. ಅವರ ಬಿಳಿ ಅಂಗಿಯ ತೋಳಿನ ತುಂಬ ಕೆಂಪು, ನೀಲಿ ಕಲೆಗಳು. ನನ್ನನ್ನು ಮೊದಲ ದಿನವೇ 'ತಂಗಿ' ಎಂದರು. ಚಹಾ ತರಿಸಿದರು. ತಾಲೂಕಿನಲ್ಲಿದ್ದ ಕ್ಷಯದ ಯಂತ್ರಕ್ಕೆ ಹಾಕುವ ಚಿಪ್ ಎರಡು ತಿಂಗಳಿಂದ ಬಂದಿಲ್ಲವೆಂದೂ, ಹಾಗಾಗಿ ಕಫವನ್ನೆಲ್ಲ ಹಳೆಯ ರೀತಿಯಲ್ಲಿ ನಾವೇ ಬಣ್ಣ ಹಚ್ಚಿ ನೋಡಬೇಕೆಂದೂ ಹೇಳಿದರು.

ಇಲ್ಲಿ ಕ್ಷಯದ ರೋಗಾಣುವಿನ ವಿಷಯ ಸ್ವಲ್ಪ ಹೇಳಲೇಬೇಕು. ಅದು ತಿಳಿಯದಿದ್ದರೆ ಮುಂದೆ ನಡೆದ ಅನ್ಯಾಯ ಅನ್ಯಾಯವೆಂದೇ ಅನಿಸುವುದಿಲ್ಲ. ಆ ರೋಗಾಣುವಿನ ಮೈಸುತ್ತ ಒಂದು ಗೋಡೆಯಿದೆ. ಬೇರೆ ಬ್ಯಾಕ್ಟೀರಿಯಾಗಳಿಗೂ ಗೋಡೆಯಿರುತ್ತದೆ, ಆದರೆ ಇದರದು ಬೇರೆಯದೇ ಕಟ್ಟಡ. ಎಲ್ಲಕ್ಕಿಂತ ಒಳಗೆ ಸಕ್ಕರೆ ಮತ್ತು ಅಮೈನೋ ಆಮ್ಲದ ತುಣುಕುಗಳಿಂದ ಹೆಣೆದ ಒಂದು ಬಲೆ. ಅದಕ್ಕೆ ಅಂಟಿಕೊಂಡು ಅರಾಬಿನೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳ ಕವಲೊಡೆದ ಸರಪಳಿ. ಆ ಕವಲುಗಳ ತುದಿಗೆ ಮೈಕೋಲಿಕ್ ಆಮ್ಲ. ಹೆಸರಿಗೆ ಆಮ್ಲ, ಗುಣದಲ್ಲಿ ಮೇಣ. ನಮ್ಮ ಕುಸುಬಿ ಎಣ್ಣೆಯ ಕೊಬ್ಬಿನ ಸರಪಳಿಯಲ್ಲಿ ಇಂಗಾಲದ ಕೊಂಡಿ ಹದಿನೆಂಟಿದ್ದರೆ ಇದರಲ್ಲಿ ಎಂಬತ್ತರ ಆಸುಪಾಸು. ಅಷ್ಟುದ್ದದ ಕೊಬ್ಬು ಒಂದರ ಪಕ್ಕ ಒಂದು ಒತ್ತಾಗಿ ನಿಂತಿರುತ್ತದೆ. ಅದರ ಮೇಲೆ ಇನ್ನೂ ಬೇರೆ ಜಿಡ್ಡು. ಎಷ್ಟೋ ಔಷಧಿಗಳು ಆ ಗೋಡೆ ದಾಟಲಾರವು. ನಾವು ಹಚ್ಚುವ ಬಣ್ಣವೂ ತಾನಾಗಿ ದಾಟುವುದಿಲ್ಲ.

ದಾಟಿಸಬೇಕಾದರೆ ಬಿಸಿ ಬೇಕು. ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಒಣಗಿಸಿ, ಮೇಲೆ ಕೆಂಪು ಸುರಿದು, ಕೆಳಗಿನಿಂದ ಸ್ಪಿರಿಟ್ ದೀಪದ ಉರಿ ಹಿಡಿಯಬೇಕು. ಹಬೆ ಏಳಬೇಕು, ಕುದಿಯಬಾರದು. ಆ ಬಿಸಿಗೆ ಮೇಣ ಸಡಿಲಾಗಿ ಕೆಂಪು ಒಳಗಿಳಿಯುತ್ತದೆ. ತಣ್ಣಗಾದ ಮೇಲೆ ಅದೇ ಮೇಣ ಕೆಂಪನ್ನು ಹೊರಗೆ ಬಿಡುವುದಿಲ್ಲ, ಮೇಲೆ ಗಂಧಕಾಮ್ಲ ಸುರಿದರೂ ಬಿಡುವುದಿಲ್ಲ. ಕಫದಲ್ಲಿರುವ ಬಾಕಿಯದೆಲ್ಲ ಆಮ್ಲಕ್ಕೆ ಬಣ್ಣ ಕಳೆದುಕೊಂಡಿರುತ್ತದೆ. ಕೊನೆಗೆ ನೀಲಿ ಹಾಕಿ ತೊಳೆದು ನೋಡಿದರೆ ನೀಲಿ ಬಯಲಿನಲ್ಲಿ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ಕಡ್ಡಿ ಕಂಡರೆ ಕ್ಷಯ. ಬಿಸಿಯನ್ನೇ ಮುಟ್ಟಿಸದಿದ್ದರೆ ಎಷ್ಟು ಸಾವಿರ ರೋಗಾಣುವಿದ್ದರೂ ಕಾಣುವುದು ಬರೀ ನೀಲಿ ಬಯಲು.

"ಸ್ಪಿರಿಟ್ ದೀಪ ಎಲ್ಲೈತ್ರಿ ಸರ?" ಎಂದು ನಾನು ಮೊದಲ ದಿನ ಕೇಳಿದೆ.

ಸಂಗಪ್ಪ ಕಿಟಕಿಯ ಕಡೆ ಕೈ ತೋರಿಸಿದರು. ದೀಪದ ಬತ್ತಿಯ ಸುತ್ತ ಜೇಡ ಮನೆ ಮಾಡಿತ್ತು. "ದೀಪ ಐತಿ ತಂಗಿ, ಸ್ಪಿರಿಟ್ ಇಲ್ಲ. ಹಿಂದ ಯಾವನೋ ಒಬ್ಬಾವ ಅದನ್ನ ಕುಡದ ಅಂತ ಸುದ್ದಿ ಆತು. ಎಲ್ಲಿ ಕುಡದನೋ, ಯಾರು ಕುಡದರೋ, ಶಿವನಿಗೇ ಗೊತ್ತು. ಅವತ್ತಿಂದ ಎಲ್ಲಾ ಕಡೆ ಬಂದ್. ಏಳು ಅರ್ಜಿ ಬರದೇನಿ. ಎಂಟನೇದು ನೀ ಬರಿ."

"ಹಂಗಾದ್ರ ಬಿಸಿ ಹೆಂಗ ಮಾಡ್ತೀರಿ?"

"ಮ್ಯಾಲ ಬಾ, ನಮ್ಮ ಒಲಿ ತೋರಸ್ತೇನಿ" ಎಂದು ಮಾಳಿಗೆಗೆ ಕರೆದುಕೊಂಡು ಹೋದರು. ನೀರಿನ ಟಾಕಿಯ ಪಕ್ಕ ಒಂದು ಕರಿಯ ಕಲ್ಲಿನ ಚಪ್ಪಡಿ. ಯಾರದೋ ಮನೆಯ ಅಡುಗೆಕಟ್ಟೆಗೆ ತಂದು ಉಳಿದದ್ದು. ಕೆಂಪು ಸುರಿದ ಗಾಜಿನ ಪಟ್ಟಿಗಳನ್ನು ಅದರ ಮೇಲೆ ಸಾಲಾಗಿ ಜೋಡಿಸುತ್ತ, "ನಮ್ಮ ಕುಷ್ಟಗಿ ಬಿಸಿಲಿಗೆ ಯಾರ ಸ್ಪಿರಿಟ್ ಯಾಕ ಬೇಕು? ಮೇ ತಿಂಗಳದಾಗ ಈ ಕಲ್ಲಿನ ಮ್ಯಾಲ ರೊಟ್ಟಿ ಬೇಯತೈತಿ" ಎಂದು ನಕ್ಕರು.

ಮೇ ತಿಂಗಳಲ್ಲಿ ಅದು ಅಷ್ಟಿಷ್ಟು ಕೆಲಸ ಮಾಡಿಯೂ ಇರಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ಕರಿಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಆದರೆ ನಾನು ಹೋಗಿದ್ದು ಚಳಿಗಾಲದಲ್ಲಿ. ಆಗ ನಾನು ಏನು ಮಾಡಿದೆ? ನಾನೂ ನಕ್ಕೆ. ಹಳೆಯ ಮನುಷ್ಯ, ಏನು ತಲೆ ಓಡಿಸಿದ್ದಾರೆ ಎಂದು ಮೆಚ್ಚಿಕೊಂಡೆ. ಮಾರನೆಯ ದಿನದಿಂದ ಪಟ್ಟಿಗಳ ತಟ್ಟೆ ಹಿಡಿದುಕೊಂಡು ಮಾಳಿಗೆ ಹತ್ತಿದೆ. ಪರೀಕ್ಷೆಯಲ್ಲಿ ಈ ಮೈಕೋಲಿಕ್ ಆಮ್ಲದ ಪ್ರಶ್ನೆಗೆ ನನಗೆ ಹತ್ತಕ್ಕೆ ಒಂಬತ್ತು ಅಂಕ ಬಂದಿತ್ತು. ಉಳಿದ ಒಂದು ಅಂಕ ಯಾತಕ್ಕೆ ಹೋಯಿತೋ ಎಂದು ಆಗ ಬೇಜಾರು ಮಾಡಿಕೊಂಡಿದ್ದೆ. ಈಗ ನೋಡಿದರೆ ಒಂಬತ್ತು ಯಾಕೆ ಕೊಟ್ಟರೋ ತಿಳಿಯುವುದಿಲ್ಲ.

ಹುಲಿಗೆವ್ವ ನನ್ನ ಕೈಗೆ ಮೊದಲು ಕಫದ ಡಬ್ಬಿ ಕೊಟ್ಟದ್ದು ನಾನು ಹೋದ ಎರಡನೆಯ ವಾರ. ವಯಸ್ಸು ಮೂವತ್ತು ಇದ್ದೀತು. ಕಡಲೆ ಹೊಲಕ್ಕೆ ಕೂಲಿಗೆ ಹೋಗುವವಳು. ಏಳನೇ ಇಯತ್ತೆ ಓದಿದ್ದಳು. ಮನೆಯಲ್ಲಿ ಗಂಡ, ಅತ್ತೆ, ನಾಲ್ಕು ವರ್ಷದ ಮಗಳು. ಒಂದು ತಿಂಗಳ ಹಿಂದೆ ಒಮ್ಮೆ ಬಂದು ಪರೀಕ್ಷೆ ಮಾಡಿಸಿಕೊಂಡಿದ್ದಳು, ಸಂಗಪ್ಪ ನೆಗೆಟಿವ್ ಎಂದು ಬರೆದುಕೊಟ್ಟಿದ್ದರು. ಡಾಕ್ಟರು ಅಲರ್ಜಿ ಎಂದು ಸಿರಪ್ಪು ಕೊಟ್ಟಿದ್ದರು. ಈಗ ಎರಡನೆಯ ಸಲ. ನಾನೇ ಬಣ್ಣ ಹಚ್ಚಿದೆ, ನಾನೇ ಮಾಳಿಗೆಯ ಮೇಲೆ ಇಟ್ಟೆ, ನಾನೇ ನೋಡಿದೆ. ನೀಲಿ ಬಯಲು. ನೆಗೆಟಿವ್ ಎಂದು ಬರೆದು ಸಹಿ ಹಾಕಿದೆ. ನನ್ನ ಸಹಿ ಆಗ ಬಹಳ ಚೆಂದವಿತ್ತು.

ಅವಳು ಕಾಗದವನ್ನು ಓದಿಕೊಂಡು, "ನೆಗೆಟಿವ್ ಅಂದ್ರ ಇಲ್ಲ ಅಂತಲ್ರಿ ಅಕ್ಕೋರ?" ಎಂದಳು.

"ಹೌದವ್ವ, ಛಲೋ ಆತಲ್ಲ."

"ಛಲೋ ಏನ್ರಿ, ಎದಿಯಾಗ ಉಸುರು ನಿಂದರವಲ್ದು. ಮನಿಯಾಗ ನಮ್ಮತ್ತಿ ಅಂತಾಳ, ಸರ್ಕಾರದ ಕಾಗದದಾಗ ಇಲ್ಲ ಅಂತ ಐತಿ, ನೀ ಕೆಲಸ ತಪ್ಪಸಾಕ ಕೆಮ್ಮತಿ ಅಂತ." ಅವಳು ನಗಲು ಹೋದಳು, ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಗೋಡೆ ಹಿಡಿದುಕೊಂಡು ನಿಂತಳು. ನಾನು ಮುಂದಿನವರನ್ನು ಕರೆದೆ.

ಅದೇ ತಿಂಗಳು ಕ್ಷಯದ ಕೇಸುಗಳ ಲೆಕ್ಕ ನೋಡುವ ಸಭೆಯಿತ್ತು. ಯಾವ ಅಧಿಕಾರಿ, ಯಾವ ಸಭಾಂಗಣ ಎಂಬುದು ಬೇಡ, ಎಲ್ಲ ಸಭೆಗಳೂ ಒಂದೇ ಥರ ಇರುತ್ತವೆ. ಪರದೆಯ ಮೇಲೆ ನಮ್ಮ ಆಸ್ಪತ್ರೆಯ ಹೆಸರು ಬಂತು. ಅದರ ಮುಂದೆ ಸೊನ್ನೆ, ಹಿಂದಿನ ತಿಂಗಳೂ ಸೊನ್ನೆ. "ನೋಡ್ರಿ, ಕೆಲಸ ಅಂದ್ರ ಹಿಂಗಿರಬೇಕು" ಎಂದರು ಅಧಿಕಾರಿ. ಸಂಗಪ್ಪನವರಿಗೆ ಶಾಲು ಹೊದಿಸಿದರು. ಆ ಊರಿನ ಪಂಚಾಯಿತಿಗೆ ಕ್ಷಯಮುಕ್ತ ಎಂದು ಪ್ರಮಾಣಪತ್ರ ಕೊಡಲು ಹೆಸರು ಕಳಿಸಿದ್ದೇವೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅಷ್ಟು ಜನ ಓದಿದವರಿದ್ದೆವು. ಬೇಸಿಗೆಯಲ್ಲಿ ಊರಲ್ಲಿದ್ದ ಕ್ಷಯ ಚಳಿಗಾಲಕ್ಕೆ ಎಲ್ಲಿಗೆ ಹೋಯಿತು, ಅದೂ ಒಮ್ಮೆಲೇ ಸೊನ್ನೆಗೆ ಹೇಗೆ ಇಳಿಯಿತು ಎಂದು ಕೇಳುವ ಒಂದು ಬಾಯಿಯೂ ಅಲ್ಲಿರಲಿಲ್ಲ. ಕೇಸು ಹೆಚ್ಚಾಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ಕಡಿಮೆಯಾದರೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

ಎಳ್ಳಮಾವಾಸ್ಯೆ ಆ ವರ್ಷ ಡಿಸೆಂಬರಿನ ಕೊನೆಗೆ ಬಂದಿತ್ತು. ಹಬ್ಬದ ಮರುದಿನ ಆಸ್ಪತ್ರೆಯಲ್ಲಿ ಜನವಿರಲಿಲ್ಲ. ಹುಲಿಗೆವ್ವ ಒಬ್ಬಳೇ ಬಂದಳು, ಮೂರನೆಯ ಸಲ. ಕೈಯಲ್ಲಿ ಕಫದ ಡಬ್ಬಿ, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ಗಂಟನ್ನು ನನ್ನ ಮುಂದಿಟ್ಟಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಬ್ಬದ್ದು. ನಾನು ಸುಳ್ಳು ಕಾಗದ ಬರೆದುಕೊಟ್ಟವಳು, ಅವಳು ನನಗೆ ರೊಟ್ಟಿ ತಂದಿದ್ದಳು. ಕಫದಲ್ಲಿ ನೆತ್ತರಿನ ಎಳೆಯಿತ್ತು.

ಬೆಂಚಿನ ಮೇಲೆ ಕೂತಳು. ಪಾದದಿಂದ ಮೊಣಕಾಲಿನವರೆಗೆ ಗೊಬ್ಬರದ ಚೀಲದ ತುಂಡು ಸುತ್ತಿ ಹಗ್ಗ ಕಟ್ಟಿಕೊಂಡಿದ್ದಳು. "ಇದ್ಯಾಕವ್ವ?" ಎಂದೆ.

"ಕಡ್ಲಿ ಹುಳಿರಿ ಅಕ್ಕೋರ. ಇಬ್ಬನಿ ಜೋಡಿ ಗಿಡದಾಗ ಹುಳಿ ಇಳಿತೈತಲ್ರಿ, ಕಾಲು ಸುಟ್ಟಂಗ ಉರಿತಾವ. ದಿನಾ ಕುಸುಬಿ ಎಣ್ಣಿ ಹಚ್ಚಿಕೊಂಡು ಹೊಕ್ಕೀವಿ. ಹಬ್ಬಕ್ಕ ಎಣ್ಣಿ ಮುಗೀತು, ಅದಕ್ಕ ಚೀಲ."

"ಎಣ್ಣಿ ಹಚ್ಚಿದ್ರ ಉರಿಯಂಗಿಲ್ಲೇನು?"

ಹೊಲದ ಕೆಲಸ ಗೊತ್ತಿಲ್ಲದವಳನ್ನು ನೋಡುವಂತೆ ನನ್ನನ್ನು ನೋಡಿದಳು. "ಎಣ್ಣಿ ಇದ್ದಲ್ಲಿ ಹುಳಿ ಹೆಂಗ ಹತ್ತತೈತ್ರಿ? ಎಣ್ಣಿ ಕೈಗೆ ಮದರಂಗಿನೂ ಹತ್ತಂಗಿಲ್ಲ ನೋಡ್ರಿ. ಕೈ ಛಲೋ ತೊಳದು, ಒಲಿ ಮುಂದ ಕಾಸಿಕೊಂಡ್ರ ಕೆಂಪ ಏರತೈತಿ."

ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಎಣ್ಣೆಯ ಮೈಗೆ ಆಮ್ಲ ಹತ್ತುವುದಿಲ್ಲ. ಎಣ್ಣೆಯ ಮೈಗೆ ಬಣ್ಣ ಹತ್ತುವುದಿಲ್ಲ. ಕಾಸಿದರೆ ಹತ್ತುತ್ತದೆ. ಎರಡು ವರ್ಷ ಓದಿ, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಬಂದದ್ದನ್ನು ಅವಳು ಕಾಲಿನ ಚೀಲ ಸರಿಮಾಡಿಕೊಳ್ಳುತ್ತ ಹೇಳಿಬಿಟ್ಟಿದ್ದಳು. ನಾನು ಎದ್ದು ಮಾಳಿಗೆಗೆ ಓಡಿದೆ. ಹೊತ್ತು ಹನ್ನೊಂದಾಗಿತ್ತು, ಬಿಸಿಲು ಚೆನ್ನಾಗಿಯೇ ಇತ್ತು. ಕರಿಕಲ್ಲಿನ ಮೇಲೆ ಆಸ್ಪತ್ರೆಯ ಬೆಕ್ಕು ಕಾಲು ಚಾಚಿ ಮಲಗಿತ್ತು. ಅದನ್ನು ಓಡಿಸಿ ಅಂಗೈ ಇಟ್ಟೆ. ಬೆಕ್ಕಿಗೆ ನಿದ್ದೆ ಬರುವಷ್ಟು ಬೆಚ್ಚಗಿತ್ತು, ಅಷ್ಟೇ. ಆ ಕಲ್ಲಿನ ಮೇಲೆ ನಾವು ಊರಿನ ಜನರ ಎದೆಯನ್ನು ಪರೀಕ್ಷೆ ಮಾಡುತ್ತಿದ್ದೆವು.

ಸ್ಪಿರಿಟ್ ಎಲ್ಲಿಂದ ತರುವುದು? ಉಗ್ರಾಣದ ಬಾಗಿಲು ತೆಗೆಸಿದೆ. ಕೊರೊನಾ ಕಾಲದ ಸ್ಯಾನಿಟೈಸರ್ ಡಬ್ಬಗಳು ಸೂರಿನವರೆಗೆ ಜೋಡಿಸಿದ್ದವು. ಅವಧಿ ಮುಗಿದವು, ಯಾರೂ ಒಯ್ಯದವು. ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು, ಉರಿಯಿಂದ ದೂರವಿಡಿ ಎಂದು ಪ್ರತಿಯೊಂದರ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿತ್ತು. ಏಳು ಅರ್ಜಿ ಬರೆದ ಸಂಗಪ್ಪನವರ ಕುರ್ಚಿಯಿಂದ ಆ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆದಿರಲಿಲ್ಲ. ಒಂದು ಡಬ್ಬ ಎತ್ತಿಕೊಂಡು ಬಂದು, ಜೇಡನ ಬಲೆ ಒರೆಸಿ, ದೀಪಕ್ಕೆ ಸುರಿದೆ. ಬತ್ತಿ ಮೊದಲು ಚಟಚಟ ಎಂದಿತು, ಆಮೇಲೆ ತೆಳ್ಳಗೆ ನೀಲಿಯಾಗಿ ಉರಿಯಿತು.

ಹುಲಿಗೆವ್ವನ ಕಫದ ಪಟ್ಟಿಯ ಮೇಲೆ ಕೆಂಪು ಸುರಿದು ಉರಿ ಹಿಡಿದೆ. ಹಬೆ ಎದ್ದಿತು. ಆ ವಾಸನೆ ಕೋಣೆಯ ತುಂಬ ತುಂಬಿತು. ನಾನು ಆ ಆಸ್ಪತ್ರೆಗೆ ಬಂದಮೇಲೆ ಅದು ಹಾಗೆ ತುಂಬಿದ್ದು ಅದೇ ಮೊದಲು. ತೊಳೆದು, ಆಮ್ಲ ಹಾಕಿ, ನೀಲಿ ಹಾಕಿ, ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹುಡುಕಬೇಕಾಗಲೇ ಇಲ್ಲ. ಕೆಂಪು ಕಡ್ಡಿಗಳು ಜೊತೆ ಜೊತೆಯಾಗಿ, ಗುಂಪು ಗುಂಪಾಗಿ ಬಿದ್ದಿದ್ದವು. ಪಟ್ಟಿ ಯಾವ ಕಡೆ ಸರಿಸಿದರೂ ಅವೇ.

"ಸರ, ಇಲ್ಲಿ ಬರ್ರಿ" ಎಂದೆ. ಸಂಗಪ್ಪ ಕನ್ನಡಕ ಹಣೆಗೇರಿಸಿ ಕಣ್ಣಿಟ್ಟರು. ಪಟ್ಟಿಯನ್ನು ಅತ್ತಿತ್ತ ಸರಿಸಿ ನೋಡಿದರು. ಆಮೇಲೆ, "ಇದು ಇವತ್ತಿನ ಕಫ ತಂಗಿ. ಈಗೀಗ ಜೋರಾಗಿರಬೇಕು. ಹಿಂದಿನವು ಬ್ಯಾರೆ ಇರ್ತಾವ" ಎಂದರು. ಧ್ವನಿಯಲ್ಲಿ ಬಲವಿರಲಿಲ್ಲ.

ನೋಡಿದ ಪಟ್ಟಿಗಳನ್ನು ಎಸೆಯುವಂತಿಲ್ಲ. ಮೇಲಿನಿಂದ ಒಬ್ಬರು ಬಂದು ಮತ್ತೆ ಪರೀಕ್ಷೆ ಮಾಡುವವರೆಗೆ ಪೆಟ್ಟಿಗೆಯಲ್ಲಿ ಇಟ್ಟಿರಬೇಕೆಂಬುದು ನಿಯಮ. ಆ ಒಬ್ಬರು ಬಂದು ಎಷ್ಟೋ ತಿಂಗಳಾಗಿತ್ತು. ಬಾರದೇ ಇದ್ದದ್ದರಿಂದ ಪಟ್ಟಿಗಳು ಉಳಿದಿದ್ದವು. ನಾನು ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಹಳೆಯ ಪಟ್ಟಿಗೂ ಹೊಸದಾಗಿ ಬಣ್ಣ ಹಚ್ಚಬಹುದು. ಕಫ ಗಾಜಿಗೆ ಅಂಟಿಯೇ ಇರುತ್ತದೆ, ರೋಗಾಣುವಿನ ಮೇಣದ ಗೋಡೆ ಅಷ್ಟರಲ್ಲಿ ಎಲ್ಲಿಗೂ ಹೋಗಿರುವುದಿಲ್ಲ. ಆ ದಿನ ಸಂಜೆಯವರೆಗೆ, ಮರುದಿನ ಪೂರ್ತಿ, ಅವರು ಉರಿ ಹಿಡಿದರು, ನಾನು ನೋಡಿದೆ. ಹುಲಿಗೆವ್ವನ ಮೊದಲಿನ ಪಟ್ಟಿ ಕೆಂಪು. ನಾನು ಸಹಿ ಹಾಕಿದ ಎರಡನೆಯದೂ ಕೆಂಪು. ಅವಳನ್ನೂ ಸೇರಿಸಿ ಒಂಬತ್ತು ಜನ. ಒಂಬತ್ತೂ ಜನರಿಗೆ ನಾವು ಇಲ್ಲ ಎಂದು ಬರೆದುಕೊಟ್ಟಿದ್ದೆವು.

ಏಳನೆಯ ಹೆಸರು ಫಕೀರಪ್ಪ, ಕುರಿ ಕಾಯುತ್ತಿದ್ದವನು. ಹೆಸರು ಓದಿದಾಗ ಸಂಗಪ್ಪನವರ ಕೈಯಲ್ಲಿದ್ದ ದೀಪ ಮೇಜಿಗೆ ತಾಗಿತು. ಅವರು ಅದನ್ನು ಆರಿಸಿ ಕುರ್ಚಿಯ ಮೇಲೆ ಕೂತರು.

"ಇವನ ಮಣ್ಣಿಗೆ ನಾ ಹೋಗಿದ್ದೆ" ಎಂದರು. "ದಮ್ಮಿನಿಂದ ಹೋದ ಅಂತ ಎಲ್ಲಾರ್ಗೂ ನಾನ ಹೇಳೀನಿ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅದರ ಜೊತೆಗೆ ಏಳು ಅರ್ಜಿಗಳನ್ನು ಓದದೆ ಕಟ್ಟಿಟ್ಟವರ ಮೇಲೆ ಬಂತು, ಕುಡಿದನೆಂಬ ಗಾಳಿಸುದ್ದಿ ನಂಬಿ ದೀಪ ಆರಿಸಿದವರ ಮೇಲೆ ಬಂತು, ಸೊನ್ನೆ ಕಂಡು ಶಾಲು ಹೊದಿಸಿದವರ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಚೆಂದದ ಸಹಿಯ ಮೇಲೆ ಬಂತು. ರೋಗಾಣುವನ್ನು ಬೈಯಲು ಮಾತ್ರ ನನಗೆ ಮನಸ್ಸಾಗಲಿಲ್ಲ. ಅದು ಎಷ್ಟೋ ಕಾಲದಿಂದ ತನ್ನ ಗೋಡೆ ತಾನು ಕಟ್ಟಿಕೊಂಡು ತನ್ನ ಕೆಲಸ ಮಾಡಿಕೊಂಡು ಬಂದಿದೆ. ನಮ್ಮ ಕೆಲಸ ನಾವು ಮಾಡಿರಲಿಲ್ಲ.

ಸುದ್ದಿ ಮೇಲೆ ತಿಳಿಸಿದೆ. ಸಭೆಯಲ್ಲಿ ಶಾಲು ಹೊದಿಸಿದ ಅಧಿಕಾರಿಯೇ ಫೋನು ಮಾಡಿದರು. "ಹಳೇ ಸ್ಲೈಡ್ ಯಾಕ ಕೆದರಿದ್ರಿ? ಯಾರು ಹೇಳಿದ್ರು ನಿಮಗ?" ಎಂದರು. ನಾನು ಬಿಸಿಯ ವಿಷಯ ಹೇಳಿದೆ, ಕಲ್ಲಿನ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ಧ್ವನಿ ಮೆತ್ತಗೆ ಮಾಡಿದರು. "ನೋಡಮ್ಮ, ಪಂಚಾಯ್ತಿ ಹೆಸರು ಹೋಗೇತಿ. ಇನ್ನ ನಾಲ್ಕು ದಿನಕ್ಕ ಹೊಸ ವರ್ಷ, ಹೊಸ ರಿಜಿಸ್ಟರ್. ಜನವರಿಯಾಗ ಒಂದೊಂದ ಹಾಕ್ಕೋತ ಹೋಗ್ರಿ. ಔಷಧಿ ಏನು, ಹದಿನೈದು ದಿನ ತಡಾ ಆದ್ರ ಆಕಾಶ ಬೀಳತೈತೇನು?"

"ಬೀಳತೈತ್ರಿ ಸರ" ಎಂದೆ. "ಫಕೀರಪ್ಪನ ಮ್ಯಾಲ ಬಿದ್ದೈತಿ." ಫೋನು ಇಟ್ಟೆ. ಗುತ್ತಿಗೆ ನೌಕರಿಯವಳು ಹಾಗೆಲ್ಲ ಮಾತಾಡಬಾರದು ಎಂಬುದು ನನಗೆ ಗೊತ್ತಿತ್ತು.

ಕ್ಷಯ ಇದೆ ಎಂಬುದನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದು ಮೊದಲಿನಿಂದ ಬಂದ ರೂಢಿ. ಮೂರು ತಿಂಗಳಿಂದ ಆ ಪುಸ್ತಕದಲ್ಲಿ ಕೆಂಪೇ ಇರಲಿಲ್ಲ. ನಾನು ಕೆಂಪು ಪೆನ್ನು ತೆಗೆದುಕೊಂಡು, ಡಿಸೆಂಬರಿನ ಪುಟದಲ್ಲಿಯೇ, ಒಂಬತ್ತು ಹೆಸರನ್ನೂ ಒಂದರ ಕೆಳಗೊಂದು ಬರೆದೆ. ಮರುಪರೀಕ್ಷೆ ಎಂದು ಬರೆದೆ, ಹಿಂದಿನ ವರದಿ ತಪ್ಪು ಎಂದು ಬರೆದೆ. ಸಹಿ ಹಾಕುವಾಗ ಸಂಗಪ್ಪ ಬಾಗಿಲಲ್ಲಿ ನಿಂತಿದ್ದರು. ಪಿಂಚಣಿಯ ಕಾಗದಗಳು ಕಚೇರಿಯಿಂದ ಕಚೇರಿಗೆ ಓಡಾಡುತ್ತಿದ್ದ ಕಾಲ ಅದು. ಸುಮ್ಮನಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ.

"ಪೆನ್ ಕೊಡಿಲ್ಲಿ" ಎಂದರು. ನನ್ನ ಸಹಿಯ ಕೆಳಗೆ, ಫಕೀರಪ್ಪನ ಹೆಸರಿನ ಎದುರಿಗೆ, ತಮ್ಮ ಸಹಿ ಹಾಕಿದರು.

ಹುಲಿಗೆವ್ವನ ಮನೆಗೆ ನಾನೇ ಹೋದೆ. ಅಂಗಳದಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಹುಲಿಗೆವ್ವ ಒಳಗೆ ಕೌದಿ ಹೊದ್ದು ಮಲಗಿದ್ದಳು. ತಪ್ಪು ನಮ್ಮದು, ರೋಗ ಮೊದಲಿನಿಂದಲೂ ಇತ್ತು, ನಾಳೆಯಿಂದಲೇ ಗುಳಿಗೆ ಎಂದು ಹೇಳಿದೆ. ಗುಳಿಗೆಯಲ್ಲಿ ನಾಲ್ಕು ಔಷಧಿ ಕೂಡಿರುತ್ತವೆ. ಒಂದು ಆ ಮೇಣ ತಯಾರಾಗದಂತೆ ಮಾಡುತ್ತದೆ, ಇನ್ನೊಂದು ಮೇಣ ಅಂಟುವ ಸಕ್ಕರೆಯ ಸರಪಳಿ ಕಟ್ಟದಂತೆ ತಡೆಯುತ್ತದೆ, ಗೋಡೆಯಿಲ್ಲದೆ ಅದು ಬದುಕಲಾರದು, ಆರು ತಿಂಗಳು ಒಂದು ದಿನವೂ ಬಿಡಬಾರದು ಎಂದೆ. ಮಗಳನ್ನೂ ಪರೀಕ್ಷೆಗೆ ಕರೆತರಲು ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ಎದ್ದು ಕೂತು, "ಅಕ್ಕೋರ, ಗುಳಿಗಿ ನಾಳೆ ಕೊಡ್ರಿ. ಇವತ್ತ ನಂಗೊಂದು ಕಾಗದ ಬರದು ಕೊಡ್ರಿ" ಎಂದಳು.

"ಎಂಥಾ ಕಾಗದ?"

"ಹುಲಿಗೆವ್ವ ಸುಳ್ಳು ಕೆಮ್ಮಿಲ್ಲ ಅಂತ."

ಅಂಥ ಕಾಗದದ ನಮೂನೆ ಯಾವ ಇಲಾಖೆಯಲ್ಲಿಯೂ ಇಲ್ಲ. ಚೀಲದಲ್ಲಿ ಖಾಲಿ ವರದಿ ಹಾಳೆಯಿತ್ತು, ಅದರ ಹಿಂದೆ ಕೆಂಪು ಶಾಯಿಯಲ್ಲಿ ಬರೆದೆ. ಈ ಹೆಣ್ಣುಮಗಳಿಗೆ ಮೊದಲಿನಿಂದಲೂ ಕ್ಷಯ ಇತ್ತು, ಇಲ್ಲ ಎಂದು ಬರೆದ ಎರಡು ಕಾಗದವೂ ಆಸ್ಪತ್ರೆಯ ತಪ್ಪು, ಅವಳು ಹೇಳಿದ್ದೆಲ್ಲ ನಿಜ. ಕೆಳಗೆ ಸಹಿ. ಮುದ್ರೆಯೂ ಬೇಕೆಂದಳು. ಮರುದಿನ ಗುಳಿಗೆ ತೆಗೆದುಕೊಳ್ಳಲು ಬಂದಾಗ ಮೊದಲು ಮುದ್ರೆ ಹಾಕಿಸಿಕೊಂಡು, ಆಮೇಲೆ ಗುಳಿಗೆ ಬಾಯಿಗೆ ಹಾಕಿಕೊಂಡಳು. ಕಾಗದವನ್ನು ಅತ್ತೆಗೆ ತಾನೇ ಓದಿ ಹೇಳಿದಳಂತೆ. ಅತ್ತೆ ಎದ್ದು ಹೋಗಿ ಸೊಸೆಗೆ ಜಳಕಕ್ಕೆ ನೀರು ಕಾಯಿಸಿದಳಂತೆ.

ಆ ವಾರವೇ ಐದು ಲೀಟರಿನ ಸ್ಪಿರಿಟ್ ಕ್ಯಾನು ಬಂತು. ಜೊತೆಗೆ ಪತ್ರವಿಲ್ಲ, ಕಾರಣವಿಲ್ಲ. ಏಳು ಅರ್ಜಿಗೆ ಬಾರದ್ದು ಒಂಬತ್ತು ಕೆಂಪು ಹೆಸರಿಗೆ ಬಂದಿತ್ತು. ಯುಗಾದಿಗೆ ಮೊದಲು ನನ್ನನ್ನು ಅಲ್ಲಿಂದ ಎತ್ತಿದರು, ಆಡಳಿತದ ಕಾರಣ ಎಂದು ಬರೆದಿದ್ದರು. ಯಲಬುರ್ಗಾದಲ್ಲಿ ಒಂದು ವರ್ಷ, ಗಂಗಾವತಿಯಲ್ಲಿ ಎರಡು ವರ್ಷ, ಆಮೇಲೆ ಕೊಪ್ಪಳ. ಸಂಗಪ್ಪ ನಿವೃತ್ತರಾದ ದಿನ ಯಾರೂ ಶಾಲು ತರಲಿಲ್ಲವಂತೆ. ಪಂಚಾಯಿತಿಗೆ ಮಾತ್ರ ಪ್ರಮಾಣಪತ್ರ ಸರಿಯಾದ ಹೊತ್ತಿಗೆ ತಲುಪಿತು.

ಹೋದ ವಾರ ಕೈಗೆ ಹತ್ತಿದ ಕೆಂಪು ಭಾನುವಾರವಾದರೂ ಹೋಗಿರಲಿಲ್ಲ. ಸೋಮವಾರ ರಜೆ ಹಾಕಿ ಬಸ್ಸು ಹತ್ತಿ ಆ ಊರಿಗೆ ಹೋದೆ. ಹುಲಿಗೆವ್ವ ಬದುಕಿದ್ದಾಳೆ. ಆರು ತಿಂಗಳು ಒಂದು ದಿನವೂ ಬಿಡದೆ ಗುಳಿಗೆ ನುಂಗಿದಳು, ಮಗಳಿಗೆ ಏನೂ ಆಗಲಿಲ್ಲ. ಆದರೆ ತಡವಾದ ಆ ಎರಡು ತಿಂಗಳಲ್ಲಿ ಎಡ ಪುಪ್ಪುಸದ ಬಹುಭಾಗ ಹಾಳಾಯಿತು. ಈಗ ರೋಗವಿಲ್ಲ, ಉಸಿರೂ ಪೂರ್ತಿಯಿಲ್ಲ. ಬಗ್ಗಿ ಕುಡಿ ಚಿವುಟಲು ಆಗುವುದಿಲ್ಲ. ಕೂತು ಮಾಡುವ ಕೆಲಸ ಏನಾದರೂ ಕೊಡಿ ಎಂದು ಕೇಳಲು ಪಂಚಾಯಿತಿಗೆ ಹೊರಟಿದ್ದಳು, ನನ್ನನ್ನೂ ಕರೆದಳು. ಪಂಚಾಯಿತಿ ಕಟ್ಟಡಕ್ಕೆ ಐದು ಮೆಟ್ಟಿಲು. ಎರಡು ಸಲ ನಿಂತು ಹತ್ತಿದಳು.

ಒಳಗೆ ಗುಮಾಸ್ತ ಗಣಕಯಂತ್ರದ ಮುಂದೆ ಕೂತಿದ್ದ. ಅವನ ತಲೆಯ ಮೇಲೆ ಗಾಜು ಹಾಕಿಸಿದ ಪ್ರಮಾಣಪತ್ರ, ಸುತ್ತ ಬಂಗಾರದ ಬಣ್ಣದ ಚೌಕಟ್ಟು. ಹುಲಿಗೆವ್ವ ಅದನ್ನು ನೋಡುತ್ತ ನಿಂತಳು. ಓದಲು ಬರುವವಳೇ, ಆದರೂ ನನಗೆ, "ಅಕ್ಕೋರ, ಯಾವ ವರ್ಷದ್ದು ಐತಿ ಅದು, ಗಟ್ಟ್ಯಾಗಿ ಓದ್ರಿ" ಎಂದಳು. ಓದಿದೆ. ನಮ್ಮ ಚಳಿಗಾಲದ್ದೇ ವರ್ಷ.

ಅವಳು ಕುಪ್ಪಸದೊಳಗಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. ಒಳಗೆ ನಾಲ್ಕು ಮಡಿಕೆಯ ಹಾಳೆ. ಕೆಂಪು ಶಾಯಿ ಸ್ವಲ್ಪವೂ ಮಾಸಿರಲಿಲ್ಲ. ಅದನ್ನು ಗುಮಾಸ್ತನ ಮೇಜಿನ ಮೇಲೆ ಬಿಡಿಸಿ ಇಟ್ಟಳು. ಅವನು ಓದಿದ. ತಲೆಯೆತ್ತಿ ಒಮ್ಮೆ ಚೌಕಟ್ಟಿನ ಕಡೆ ನೋಡಿದ, ಒಮ್ಮೆ ನನ್ನ ಕಡೆ.

"ಸರ, ಆ ವರ್ಷ ಈ ಊರಾಗ ಯಾರಿಗೂ ಕ್ಷಯ ಇರಲಿಲ್ಲ ಅಂತ ಹಾಕೀರಿ" ಎಂದಳು ಹುಲಿಗೆವ್ವ. ಉಸಿರು ಸಾಲದೆ ನಡುವೆ ನಿಂತಳು. "ಹಂಗಾದ್ರ ನಾ ಆ ವರ್ಷ ಯಾವ ಊರಾಗ ಇದ್ದೆ, ಒಂದು ಕಾಗದದಾಗ ಬರದು ಕೊಡ್ರಿ. ಫಕೀರಪ್ಪ ಕಾಕಾ ಯಾವ ಊರಾಗ ಸತ್ತ, ಅದನ್ನೂ ಬರೀರಿ."